ಬಾರದ ಕಾರಿಗೆ ಅಪ್ಪನ ಕಾವಲು

ಕಳೆದ ಭಾನುವಾರದಿಂದ ನಮ್ಮಪ್ಪ ರಸ್ತೆಯಲ್ಲಿ ಕೂತಿದ್ದಾರೆ.

ಧರಣಿ ಅಲ್ಲ. ಮನೆಯಲ್ಲಿ ಜಗಳವೂ ಆಗಿಲ್ಲ. ನಾವಿನ್ನೂ ಕೊಳ್ಳದ ಕಾರಿಗೆ ಪಾರ್ಕಿಂಗ್ ಜಾಗ ಹಿಡಿದುಕೊಂಡು ಕೂತಿದ್ದಾರೆ!

ನಿಮಗೆ ಗೊತ್ತಲ್ಲ, ನಾನು ಕಾರು ಬೇಡ ಎನ್ನುವ ಪಾರ್ಟಿ. ಹತ್ತು ನಿಮಿಷ ನಡೆದರೆ ಮೆಟ್ರೊ, ಇನ್ನೇನು ಬೇಕು ಅಂತ ಇದೇ ಅಂಕಣದಲ್ಲಿ ಕೊಚ್ಚಿಕೊಂಡಿದ್ದೇನೆ. ಆದರೆ ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು. ಎಡಗಾಲು ಎಳೆಯುತ್ತದೆ. ವಾರಕ್ಕೆರಡು ಸಲ ವಿಜಯನಗರಕ್ಕೆ ಫಿಸಿಯೋಥೆರಪಿಗೆ ಕರೆದೊಯ್ಯಬೇಕು. ಅವರ ಕಾಲಿಗೆ ಆ ಹತ್ತು ನಿಮಿಷ ಎಷ್ಟು ದೂರ ಅಂತ ನನಗೆ ಆಗ ಗೊತ್ತಾಯಿತು.

ಹೋದ ತಿಂಗಳು ಒಂದು ದಿನ ಬುಕ್ ಮಾಡಿದ ಮೂರು ಆಟೋಗಳೂ ಕ್ಯಾನ್ಸಲ್. ಗೇಟು ಹಿಡಿದು ನಿಂತಿದ್ದ ಅಪ್ಪ ಕಾಲು ನಡುಗಿ ಅಲ್ಲೇ ಕುಸಿದರು. ಎಬ್ಬಿಸುವಾಗ, "ನಿನಗೆ ತೊಂದರೆ ಕೊಡ್ತಿದೀನಿ ಕಣೋ" ಅಂದರು. ನನಗೆ ಅಳು ಬಂತು. ಅವತ್ತೇ ಶೋರೂಮಿಗೆ ಫೋನ್ ಮಾಡಿದೆ.

"ಎಲ್ಲಿ ನಿಲ್ಲಿಸ್ತೀರಾ?" ಅಂದಳು ಹೆಂಡತಿ.

ಒಳ್ಳೆ ಪ್ರಶ್ನೆ. ನಮ್ಮ ರಾಜಾಜಿನಗರದ ಮನೆಯ ಕಾಂಪೌಂಡಿನಲ್ಲಿ ಒಂದು ಸ್ಕೂಟರಿಗಷ್ಟೇ ಜಾಗ. ಮನೆ ಮುಂದೆ ಎದುರು ಮನೆಯವರ ಎರಡನೇ ಕಾರು. (ಮೊದಲನೆಯದು ಅವರ ಮನೆ ಮುಂದಿದೆ.) ಕೇಳಿದ್ದಕ್ಕೆ, "ರೋಡು ಎಲ್ಲರದೂ ಸಾರ್. ಖಾಲಿ ಇತ್ತು, ನಿಲ್ಲಿಸಿದೆ" ಅಂದರು. ತಪ್ಪೇನು ಹೇಳಿದರು?

ಭಾನುವಾರ ಅವರು ಆ ಕಾರಿನಲ್ಲಿ ಊರಿಗೆ ಹೊರಟರು, ಹದಿನೈದು ದಿನಕ್ಕೆ. ನಾನು ಓಡಿಹೋಗಿ ಎರಡು ಹೂಕುಂಡ ಇಟ್ಟೆ. ನಮ್ಮ ಬೀದಿಯ ಸಂಪ್ರದಾಯವೇ ಅದು. ಕುಂಡ, ಕಲ್ಲು, ಸಿಮೆಂಟು ತುಂಬಿದ ಪೇಂಟ್ ಡಬ್ಬ. ಆದರೆ ಹಗಲೆಲ್ಲ ಮೇನ್ ರೋಡಿನ ಅಂಗಡಿಗಳಿಗೆ ಬರುವವರ ಕಾರು ನಮ್ಮ ಬೀದಿಗೇ ನುಗ್ಗುತ್ತದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಕುಂಡ ಗೋಡೆಯ ಪಕ್ಕ, ಯಾರದೋ ಕಾರು ಅಲ್ಲಿ. ಅದು ಹೋದ ಮೇಲೆ ಸ್ಕೂಟರ್ ಇಟ್ಟೆ. ಅದನ್ನೂ ಎತ್ತಿ ಪಕ್ಕಕ್ಕಿಟ್ಟರು.

ಆಗ ಅಪ್ಪ ವಾಕರ್ ಊರಿಕೊಂಡು ಬಂದು, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

"ಕುಂಡ ಎತ್ತಿಡ್ತಾರೆ ಕಣೋ, ಮುದುಕನ್ನ ಎತ್ತಿಡಲ್ಲ. ನೀನು ಹೋಗಿ ಕಾರು ಬುಕ್ ಮಾಡು."

"ಕೂಸು ಹುಟ್ಟೋ ಮುಂಚೆ ಕುಲಾವಿ" ಎಂದು ಹೆಂಡತಿ ಗೊಣಗಿದಳು. ನಾನು ನಕ್ಕೆ. ನಿಜ ಹೇಳಲಾ? ಖುಷಿಯೂ ಆಯಿತು. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಅಪ್ಪನಿಗೊಂದು ಕೆಲಸ ಸಿಕ್ಕಿತ್ತು. ಕಾರಿನವರು ಬಂದು, ಇವರ ಮುಖ ನೋಡಿ, "ಸಾರಿ ಅಂಕಲ್" ಅಂತ ಮುಂದೆ ಹೋಗುತ್ತಿದ್ದರು. ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅದೇ ಡ್ಯೂಟಿ.

ಮಂಗಳವಾರ ಪವಾಡ! ಕರೆದ ಮೊದಲ ಆಟೋನೇ ಬಂತು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. "ಬನ್ನಿ ಅಪ್ಪ" ಅಂದೆ. ಅಪ್ಪ ಕುರ್ಚಿಯ ಕೈ ಬಿಗಿಯಾಗಿ ಹಿಡಿದರು.

"ನಾನೆದ್ದರೆ ಜಾಗ ಹೋಗುತ್ತೆ. ಇನ್ನೇನು, ಕಾರು ಬಂದ್ಮೇಲೆ ಕಾರಲ್ಲೇ ಹೋಗೋಣ."

"ಬೇಗ ಹೇಳಿ ಸಾರ್" ಅಂದ ಆಟೋದವನು. ಕಳಿಸಿಬಿಟ್ಟೆ. ಶುಕ್ರವಾರವೂ ಇದೇ ಕತೆ. ಥೆರಪಿಸ್ಟ್ ಫೋನ್ ಮಾಡಿ, "ಗ್ಯಾಪ್ ಕೊಡಬೇಡಿ ಸಾರ್, ಕಾಲು ಬಿಗಿಯುತ್ತೆ" ಎಂದರು.

ನಿನ್ನೆ ಸಂಜೆ ಒಳಗೆ ಬರುವಾಗ ಹೊಸಿಲು ದಾಟಲು ಅಪ್ಪನ ಕಾಲು ಏಳಲಿಲ್ಲ. ಒಂದು ತಿಂಗಳಿಂದ ತಾವೇ ದಾಟುತ್ತಿದ್ದ ಹೊಸಿಲು. "ಸ್ವಲ್ಪ ಸುಸ್ತು, ಅಷ್ಟೇ" ಅಂದರು. ಸುಸ್ತಲ್ಲ ಅಂತ ನನಗೆ ಗೊತ್ತು. ಎರಡು ದಿನವೂ ಆಟೋ ವಾಪಸ್ ಕಳಿಸಿದವನು ನಾನೇ ತಾನೇ? ನನ್ನ ಮೇಲೆ ನನಗೇ ಅಸಹ್ಯವಾಯಿತು.

ಇವತ್ತು ಬೆಳಿಗ್ಗೆ ಬೇಡ ಅಂದರೂ ಕೇಳಲಿಲ್ಲ. ಹಠ. ನಾನೇ ಹಿಡಿದುಕೊಂಡು ಹೋಗಿ ಕೂರಿಸಿದೆ. ಒಳಗೆ ಬಂದರೆ ಶೋರೂಮಿನ ಹುಡುಗಿಯ ಫೋನ್. "ಕನ್ಫರ್ಮ್ ಮಾಡ್ಲಾ ಸಾರ್? ಪಾರ್ಕಿಂಗ್ ಇದೆ ಅಲ್ವಾ?"

ಕಿಟಕಿಯಿಂದ ನೋಡಿದೆ. ತಲೆಗೆ ಟವೆಲ್ ಸುತ್ತಿಕೊಂಡು ಅಪ್ಪ ಬಿಸಿಲಲ್ಲಿ ಕೂತಿದ್ದರು. ನಾಳೆ ಹೇಳ್ತೀನಿ ಅಂದೆ.

ಕಾರೇನೋ ಬರುತ್ತದೆ. ಅಪ್ಪನನ್ನು ಅದರಲ್ಲಿ ಕೂರಿಸಿಕೊಂಡು ಹೊರಟರೆ, ಈ ಕುರ್ಚಿಯಲ್ಲಿ ಕೂರುವವರು ಯಾರು?