ಗಿಳಿಗೆ ಹಾಕಿದ ಉಡಿಯ ಉತ್ತತ್ತಿ

ಹಕ್ಕಿಗೆ ಏನು ಹಾಕಿದರೂ ನಡೆಯುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಉರಿ ನನಗೆ ಬಂದದ್ದು ಗುರುಸಿದ್ದವ್ವನಿಂದ. ಆಕೆ ನನ್ನ ಅವ್ವ ಕಾಶಿಬಾಯಿಯ ಸೋದರತ್ತೆ. ವಿಜಾಪುರದ ಸ್ಟೇಷನ್ ರಸ್ತೆಯ ನಮ್ಮ ಮನೆಯಲ್ಲಿದ್ದುಕೊಂಡು ನನ್ನನ್ನು ಬೈದು ಬೈದೇ ಬೆಳೆಸಿದವಳು. ಅದಕ್ಕೂ ಮೊದಲು ಬಬಲೇಶ್ವರದಲ್ಲಿ ತನ್ನ ಅಣ್ಣನ ಮನೆಯಲ್ಲಿದ್ದಳು. ಅಲ್ಲಿಂದ ಏಕೆ ಹೊರಬಿದ್ದಳು ಎಂಬುದನ್ನು ಹೇಳುವಾಗಲೆಲ್ಲ ಅವ್ವನ ದನಿ ಏರುತ್ತಿತ್ತು.

ಗುರುಸಿದ್ದವ್ವನನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅತ್ತೆಮನೆಯವರು ಒಂದು ಟ್ರಂಕು, ಗಂಡ ತಂದುಕೊಟ್ಟಿದ್ದ ಒಂದು ಗಿಳಿ, ಇಷ್ಟರ ಜತೆ ಆಕೆಯನ್ನು ಬಬಲೇಶ್ವರಕ್ಕೆ ತಂದು ಬಿಟ್ಟುಹೋದರು. ಅಣ್ಣ ಗುರುಪಾದಯ್ಯ, ಅಂದರೆ ಅವ್ವನ ಅಪ್ಪ, ಕೆಟ್ಟವನಲ್ಲ. ಆದರೆ ಹೆಂಡತಿ ಶಿವಲಿಂಗವ್ವ ಹಾಕಿದ ಗೆರೆಯನ್ನು ದಾಟುವ ಗಂಡಸೂ ಅಲ್ಲ. ಆ ಮನೆಯಲ್ಲಿ ಗುರುಸಿದ್ದವ್ವನನ್ನು "ಏ", "ಇಕಿ" ಎಂದೇ ಕರೆಯುತ್ತಿದ್ದರು. ಅವ್ವ ಮಾತ್ರ "ಅತ್ತಿ" ಎನ್ನುತ್ತಿದ್ದಳು. ಹೆಸರು ಹಿಡಿದು ಕರೆಯುತ್ತಿದ್ದುದು ಗಿಳಿಯೊಂದೇ. ಅದು "ಗುರಸವ್ವಾ" ಎಂದರೆ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡುತ್ತಿದ್ದಳಂತೆ.

ಅದಕ್ಕೆ ಜೋಳದ ತೆನೆ, ಪೇರಲ, ಹಸಿಮೆಣಸಿನಕಾಯಿ. ಅಪರೂಪಕ್ಕೆ ಒಣಹಣ್ಣು. ಒಣಹಣ್ಣಿನ ವಿಷಯದಲ್ಲಿ ಆಕೆ ಯಾರ ಕೈಯನ್ನೂ ನಂಬುತ್ತಿರಲಿಲ್ಲ. ಸಂತೆಗೆ ಬರುತ್ತಿದ್ದ ರಸೂಲಸಾಬ ಹೊಳೆಯುವ ಹಳದಿ ದ್ರಾಕ್ಷಿ ತೋರಿಸಿದರೆ ಮೂಗಿಗೆ ಹಿಡಿದು, "ಇದಕ್ಕ ಗಂಧಕದ ಹೊಗಿ ಹಾಕ್ಯಾರ, ನನ್ನ ಗಿಣಿಗೆ ಬ್ಯಾಡ" ಎಂದು ಹಿಂದಕ್ಕೆ ಕೊಡುತ್ತಿದ್ದಳು. ಕಪ್ಪು ದ್ರಾಕ್ಷಿಯನ್ನೂ ಉತ್ತತ್ತಿಯನ್ನೂ ಒಡೆದು ನೋಡಿ ಆರಿಸಿಕೊಳ್ಳುತ್ತಿದ್ದಳು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೆನೆಹಾಕಿ, ಬೀಜ ತೆಗೆದು, ಜೋಳದ ಕಾಳಿನಷ್ಟು ಸಣ್ಣಗೆ ಹೆಚ್ಚಿ ಅಂಗೈಯಲ್ಲಿ ಹಿಡಿಯುತ್ತಿದ್ದಳು. ಚಿಟಿಕೆಯಷ್ಟೇ. ಉಳಿದದ್ದನ್ನು ಹುಳಿ ಬರುವ ಮೊದಲೇ ತೆಗೆದು ಪಂಜರ ಒರೆಸುತ್ತಿದ್ದಳು. "ನಮಗಿಲ್ಲದ ಬಡಿವಾರ ಹಕ್ಕಿಗೆ" ಎಂದು ಶಿವಲಿಂಗವ್ವ ಮೂತಿ ತಿರುವುತ್ತಿದ್ದಳು.

ಅರವತ್ತೊಂದನೆಯ ಇಸವಿಯಲ್ಲಿ ಅವ್ವನ ಮೊದಲ ಬಸುರಿಗೆ ತವರಿನಲ್ಲಿ ಕುಬುಸ, ಅಂದರೆ ಸೀಮಂತ, ಮಾಡಿದರು. ಹೊಟ್ಟೆಯಲ್ಲಿದ್ದವಳು ನಾನೇ. ಪಡಸಾಲೆಯ ತುಂಬ ಮುತ್ತೈದೆಯರು, ಹಾಡು, ಆರತಿ. ಗಂಡನಿಲ್ಲದವಳು ಅಂಥ ಹೊತ್ತಿನಲ್ಲಿ ಎದುರಿಗೆ ಬರಬಾರದಲ್ಲ! ಗುರುಸಿದ್ದವ್ವನನ್ನು ಹಿತ್ತಲ ಕೋಣೆಯಲ್ಲಿ ಕೂರಿಸಿ ಕದ ಮುಂದೆ ಮಾಡಿದರು. ಗಿಳಿಗೆ ಆ ಕಟ್ಟಳೆ ಇರಲಿಲ್ಲ. ಬಂದವರಿಗೆ ಮೋಜಾಗಲಿ ಎಂದು ಪಂಜರವನ್ನು ಪಡಸಾಲೆಯಲ್ಲೇ ತೂಗುಹಾಕಿದರು.

ಉಡಿ ತುಂಬುವಾಗ ಮಡಿಲಿಗೆ ಹಾಕಿದ ರವಿಕೆಯ ಖಣ ಮನೆಯಿಂದ ಮನೆಗೆ ತಿರುಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಉತ್ತತ್ತಿಯೂ ಹಾಗೆಯೇ ತಿರುಗುತ್ತದೆ ಎಂದು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಒಬ್ಬರ ಉಡಿಯಿಂದ ಇನ್ನೊಬ್ಬರ ಡಬ್ಬಿಗೆ, ಅಲ್ಲಿಂದ ಮತ್ತೊಬ್ಬರ ಉಡಿಗೆ. ಶಿವಲಿಂಗವ್ವನ ಬುಟ್ಟಿಯಲ್ಲಿದ್ದವು ಎಷ್ಟು ಸೀಮಂತ ಕಂಡಿದ್ದವೋ ಶಿವನೇ ಬಲ್ಲ. ನೋಡಲು ನೆಟ್ಟಗಿದ್ದವನ್ನು ಆರಿಸಿ ಅವ್ವನ ಉಡಿ ತುಂಬಿದಳು, ಕೆಲವನ್ನು ಮುಂದಿನ ಕುಬುಸಕ್ಕೆಂದು ಬುಟ್ಟಿಯಲ್ಲೇ ಇಟ್ಟಳು. ಹುಳ ಬಿದ್ದ, ಬೂಷ್ಟು ಹಿಡಿದ ಒಂದು ಹಿಡಿ ಉಳಿಯಿತು. ಉಡಿಯದ್ದು, ತಿಪ್ಪೆಗೆ ಎಸೆಯುವಂತಿಲ್ಲ. ತಿನ್ನಲು ತನಗೆ ಹೇಸಿಗೆ. ಪಂಜರಕ್ಕೆ ಹಾಕಿದಳು. ಹಾಡು ಹೇಳುತ್ತಿದ್ದ ಹೆಂಗಸರು ಒಳ್ಳೆಯ ಕೆಲಸವೆಂದು ತಲೆದೂಗಿದರಂತೆ. ಆ ಗಿಳಿಗೆ ಉತ್ತತ್ತಿ ಎಂದರೆ ಗುರುಸಿದ್ದವ್ವನ ಕೈ. ನಂಬಿ ತಿಂದಿತು.

ಸಂಜೆ ಕದ ತೆಗೆದ ಮೇಲೆ ಆಕೆ ಪಂಜರ ನೋಡಿದಳು. ತಳದಲ್ಲಿ ಕರಿ ಪುಡಿ, ಹುಳ. ಗಿಳಿ ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ನೀರು ಕುಡಿಸಿದಳು, ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದಳು, ಹೆಸರು ಕೂಗೆಂದು ಗೋಗರೆದಳು. ಅದು ಕೂಗಲಿಲ್ಲ. ಮರುದಿನ ಮಧ್ಯಾಹ್ನ ಆಕೆಯ ಮಡಿಲಲ್ಲೇ ಸತ್ತಿತು.

"ಏನ ಹಾಕಿದಿ ವೈನಿ ನನ್ನ ಗಿಣಿಗೆ?"

"ಉಡಿ ಉತ್ತತ್ತಿ ಹಾಕಿನಿ. ಹಕ್ಕಿಗೆ ಹಾಕಿದ್ರ ಪುಣ್ಯ ಅಂತ ಹಾಕಿನಿ" ಎಂದಳು ಶಿವಲಿಂಗವ್ವ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? "ಅದಕ್ಯಾಕ ಅಷ್ಟ ಅಳತಿ? ಕಾಶೀ ಕೂಸಿನ ದೃಷ್ಟಿ ಹಕ್ಕಿ ಮ್ಯಾಲ ಹೋತು. ಛಲೋನ ಆತು."

ಹಕ್ಕಿಯೊಂದನ್ನು ಕೊಂದು, ಆ ಸಾವನ್ನು ಇನ್ನೂ ಹುಟ್ಟದ ನನ್ನ ಹೆಸರಿಗೆ ಶುಭವೆಂದು ಬರೆದುಬಿಟ್ಟಳು ನನ್ನ ಅಜ್ಜಿ! ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟ ಎನ್ನುತ್ತಿದೆ.

ಗುರುಸಿದ್ದವ್ವ ಒಳಗೆ ಹೋಗಿ ಮುಂದಿನ ಕುಬುಸಕ್ಕೆಂದು ತೆಗೆದಿಟ್ಟಿದ್ದ ಉತ್ತತ್ತಿಯ ಬುಟ್ಟಿ ತಂದಳು. ಒಂದನ್ನು ಎತ್ತಿ ಶಿವಲಿಂಗವ್ವನ ಬಾಯಿಗೆ ಹಿಡಿದಳು.

"ಪುಣ್ಯ ಬರತೈತಿ, ತಿನ್ನು."

ಶಿವಲಿಂಗವ್ವ ಮುಖ ತಿರುಗಿಸಿದಳು.

"ನಿನ್ನ ಬಾಯಿಗೆ ಬ್ಯಾಡಾದದ್ದು ಅದರ ಬಾಯಿಗೆ ಹೆಂಗ ಬೇಕಾತು?" ಎಂದವಳೇ ಬಚ್ಚಲಿಗೆ ಹೋಗಿ ನೀರೊಲೆಯ ಉರಿಗೆ ಬುಟ್ಟಿಯನ್ನು ಬೋರಲು ಹಾಕಿದಳು.

ಮನೆ ಎದ್ದು ನಿಂತಿತು. ಗುರುಪಾದಯ್ಯ ಅಂಗಡಿಯಿಂದ ಓಡಿಬಂದ. ಹಕ್ಕಿ ಸತ್ತಾಗ ಬಾರದ ಸಿಟ್ಟು ಅವನಿಗೆ ಈಗ ಬಂದಿತ್ತು.

"ಮುತ್ತೈದೇರ ಉಡಿ ಸುಡಾಕತ್ತೀಯಲ್ಲ, ಈ ಮನ್ಯಾಗ ಇರೂದೈತೋ ಇಲ್ಲೋ ನಿನಗ?"

"ಇಲ್ಲ ಅಣ್ಣಾ. ಇಲ್ಲಿ ನನಗ ನೀರೂ ಗಂಟಲದಾಗ ಇಳಿಯಂಗಿಲ್ಲ."

ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಎದ್ದು ಒಳಗಿನಿಂದ ತನ್ನ ಉಡಿಯ ಗಂಟು ತಂದಳು. "ಇವನ್ನೂ ಹಾಕು ಅತ್ತಿ" ಎಂದು ಮುಂದೆ ಹಿಡಿದಳು. ಅಷ್ಟು ಸಿಟ್ಟಿನಲ್ಲೂ ಗುರುಸಿದ್ದವ್ವನ ಕೈ ಹಿಂಜರಿಯಿತು.

"ಬ್ಯಾಡವಾ ಕಾಶೀ. ಅದು ನಿನ್ನ ಉಡಿ."

ಶಿವಲಿಂಗವ್ವ ಮಗಳ ಕೈ ಹಿಡಿಯಲು ಬಂದಳು. ಅವ್ವ ಕೊಡವಿಕೊಂಡು, ಹೊಟ್ಟೆ ಹಿಡಿದು ಬಗ್ಗಿ, ಗಂಟು ಬಿಚ್ಚಿ ಉತ್ತತ್ತಿಯನ್ನೆಲ್ಲ ತಾನೇ ಒಲೆಗೆ ಸುರಿದಳು.

"ನನ್ನ ಕೂಸಿಗೆ ಇಂಥಾ ಪುಣ್ಯ ಬ್ಯಾಡವ್ವಾ" ಎಂದಳು ತಾಯಿಗೆ. ಆಮೇಲೆ ಅತ್ತೆಯ ಕಡೆ ತಿರುಗಿ ಆಕೆಯ ಹೆಸರು ಹಿಡಿದು ಕರೆದಳು. "ಗುರಸವ್ವಾ, ಟ್ರಂಕ್ ತಗೋ. ವಿಜಾಪುರಕ್ಕ ಹೋಗೂನು."