ಇಳಿಜಾರಿನಲ್ಲಿ ನಿಂತ ಲಾರಿ

ಪೀಣ್ಯದ ಕಾರ್ಖಾನೆಯ ಸೈರನ್ ಚಿಕ್ಕಬಾಣಾವರದ ನಮ್ಮ ಮನೆಯವರೆಗೂ ಕೇಳಿಸುತ್ತಿದ್ದ ದಿನಗಳವು. ಎಪ್ಪತ್ತರ ದಶಕದ ಕೊನೆಯಿರಬೇಕು. ಇಸವಿಯ ಮಾತು ಬಂದರೆ ನಾನೂ ತಂಗಿಯೂ ಜಗಳಕ್ಕೆ ಬೀಳುತ್ತೇವೆ. ಅವರೆಕಾಯಿಯ ಕಾಲವೆಂಬುದು ಮಾತ್ರ ಖಚಿತ. ಬೆಳಗಿನ ಮಂಜಿನಲ್ಲಿ ಅವರೆಯ ಸೊಗಡೂ ಡೀಸೆಲ್ ವಾಸನೆಯೂ ಒಟ್ಟಿಗೇ ಮೂಗಿಗೆ ಬರುತ್ತಿದ್ದವು.

ಅಪ್ಪನ ಹಳೆಯ ಲಾರಿ ಆ ಚಳಿಗಾಲದಲ್ಲಿ ಸ್ಟಾರ್ಟ್ ಆಗಲು ಹಟ ಮಾಡುತ್ತಿತ್ತು. ಅದಕ್ಕೇ ಅಪ್ಪ ಸಂಜೆ ಅದನ್ನು ಕೆರೆ ಏರಿಯ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಅಮ್ಮ ಹಂಡೆಯ ಬಿಸಿನೀರು ತಂದು ರೇಡಿಯೇಟರಿಗೆ ಸುರಿಯುವಳು. ಕಲ್ಲು ತೆಗೆದರೆ ಲಾರಿ ಉರುಳುತ್ತಾ, ಕೆಮ್ಮಿ ಕೆಮ್ಮಿ, ಹೊಗೆ ಕಾರಿ ಸ್ಟಾರ್ಟ್ ಆಗುತ್ತಿತ್ತು. ಆ ಹೊಗೆಯೊಳಗೆ ಅಡಗುವುದು ನಮ್ಮಿಬ್ಬರ ಆಟ.

ಲಾರಿಯಲ್ಲಿದ್ದ ಎರಕದ ಸಾಮಾನು ಸೈರನ್ನಿಗೆ ಮೊದಲೇ ಕಾರ್ಖಾನೆಯ ಗೇಟು ದಾಟಬೇಕಿತ್ತು. ಇನ್ನೊಮ್ಮೆ ತಡವಾದರೆ ಬೇರೆ ಲಾರಿ ಗೊತ್ತುಮಾಡುತ್ತೇವೆಂದು ಅಲ್ಲಿಯವರು ಹೇಳಿಯಾಗಿತ್ತು. ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಬಾಡಿಗೆಯಿಂದ.

ಒಂದು ಬೆಳಿಗ್ಗೆ ಲಾರಿ ಇಳಿಜಾರಿನ ಕೊನೆಯವರೆಗೂ ಉರುಳಿ ಸುಮ್ಮನೆ ನಿಂತುಬಿಟ್ಟಿತು. ಪಕ್ಕದ ಮನೆಯ ಮುನಿಯಣ್ಣ ನಾಲ್ಕಾರು ಜನರನ್ನು ಕೂಗಿ ತಂದು ತಳ್ಳಿಸಿದ.

"ಏನ್ ಕಿಷ್ಣಣ್ಣ, ನಿನ್ ಲಾರಿ ನೋಡಿ ನಮ್ಮೆಮ್ಮೇನೂ ತಳ್ಳುದ್ರೇನೇ ಆಲು ಕೊಡ್ತೀನಿ ಅಂತದೆ!"

ಅಪ್ಪ ನಗಲಿಲ್ಲ. ಇಂಜಿನ್ ಪಕ್ಕ ಬಗ್ಗಿ, ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, ಕೈಪಂಪು ಒತ್ತಿದರು. ಬರೀ ನೊರೆ ಬಂತು. ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ನೋಡಿದರು.

"ಥೂ, ಗಾಳಿ ಹಿಡಿದೈತೆ ಮುನಿಯಣ್ಣ. ಮೂತಿ ಕೆಳಗಿದ್ರೆ ಇರೋ ಚೂರು ಡೀಸೆಲ್ಲೂ ಟ್ಯಾಂಕಿನ ಮುಂದಕ್ಕೆ ಓಯ್ತದೆ, ಹಿಂದಿರೋ ಪೈಪು ಗಾಳಿ ಎಳ್ಕೊತದೆ. ಸ್ಟಾರ್ಟ್ ಆಗ್ಲಿ ಅಂತ ದಿನಾ ಇಲ್ಲಿ ನಿಲ್ಸಿ ನಾನೇ ಕೆಡಿಸ್ಕೊಂಡೆ."

ಅಷ್ಟರಲ್ಲಿ ದೂರದಲ್ಲಿ ಸೈರನ್ ಕೂಗಿತು.

ಅಪ್ಪ ಇಷ್ಟು ಬಿಡಿಸಿ ಹೇಳಿದ್ದರೋ, ಅಥವಾ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದನ್ನು ನಾನೇ ಅವರ ಬಾಯಿಗೆ ತುರುಕಿದ್ದೇನೋ ಗೊತ್ತಿಲ್ಲ. ನೊರೆ ನಿಲ್ಲುವವರೆಗೂ ಪಂಪು ಒತ್ತಿ ಅವರು ಹೊರಟರು. ಕಾರ್ಖಾನೆಯವರು ಸಾಮಾನು ಇಳಿಸಿಕೊಂಡು, ನಾಳೆಯಿಂದ ಬರಬೇಡ ಎಂದರಂತೆ. ಆ ಸಂಜೆ ಲಾರಿ ಮನೆಯ ಮುಂದೆ, ಸಮತಟ್ಟು ನೆಲದಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ಅಮ್ಮ ಅಭ್ಯಾಸದಂತೆ ಹಂಡೆಗೆ ಉರಿ ಹಾಕಿದಳು. ನೀರು ಕಾಯುವ ಹೊತ್ತಿಗೆ ಅಪ್ಪ ಲಾರಿ ಹತ್ತಿದರು. ಬಿಸಿನೀರಿಲ್ಲದೆಯೇ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸ್ಟೀರಿಂಗ್ ಹಿಡಿದು ಆ ಸದ್ದು ಕೇಳುತ್ತಾ ಕೂತರು.

"ಎಲ್ಲಿಗೆ ಒಂಟ್ರಿ?" ಅಂದಳು ಅಮ್ಮ.

"ಎಲ್ಲಿಗೂ ಇಲ್ಲ ಕಣೇ," ಎಂದು ಇಂಜಿನ್ ಆರಿಸಿದರು.

ತಂಗಿ ಇದನ್ನು ಒಪ್ಪುವುದಿಲ್ಲ. "ಅವತ್ತೂ ಸ್ಟಾರ್ಟ್ ಆಗ್ಲಿಲ್ಲ ಕಣಣ್ಣ. ನೀನೇ ಕಟ್ಕೊಂಡಿರೋ ಕತೆ ಅದು" ಅನ್ನುತ್ತಾಳೆ. ಇರಬಹುದು. ಆದರೆ ಅಮ್ಮ ಅವತ್ತು ಹಂಡೆಯ ನೀರನ್ನೆಲ್ಲ ನಮ್ಮಿಬ್ಬರ ತಲೆಗೆ ಹುಯ್ದದ್ದು ಅವಳಿಗೂ ನೆನಪಿದೆ.

ಲಾರಿ ಗುಜರಿಗೆ ಹೋಯಿತು. ಅಪ್ಪ ಕೊನೆಯವರೆಗೂ ಬೇರೆಯವರ ಲಾರಿ ಓಡಿಸಿದರು. ಏರಿಯ ಇಳಿಜಾರನ್ನು ಕಡಿದು ರಸ್ತೆ ಮಾಡಿದ್ದಾರೆ. ಮುನಿಯಣ್ಣನ ಕೊಟ್ಟಿಗೆಯಿದ್ದಲ್ಲಿ ಬಾಡಿಗೆ ಮನೆಗಳಿವೆ. ಲಾರಿ ಸ್ಟಾರ್ಟ್ ಆಗದೆ ಹೋಗಿದ್ದರೆ ಅಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ನಮ್ಮ ಪಾಲಿಗೆ ಹೇಗೆ ಬಂತು? ಕೇಳೋಣವೆಂದರೆ ನೀರು ಕಾಯಿಸಿದ ಅಮ್ಮನೂ ಇಲ್ಲ, ಇಂಜಿನ್ ಆರಿಸಿದ ಅಪ್ಪನೂ ಇಲ್ಲ.