ಬೆನ್ನಿಗೆ ಬಿದ್ದ ಸೂಜಿ, ಲಾರಿಯ ಬ್ರೇಕು

ಗ್ಯಾರೇಜಿನಲ್ಲಿ ಅವನಿಗೆ ಅಡಿಯಣ್ಣ ಎಂದು ಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು. ಅರ್ಧ ಆಯಸ್ಸನ್ನು ಲಾರಿಗಳ ಅಡಿಯಲ್ಲೇ ಕಳೆದವನು. ಚಕ್ರದ ಹಲಗೆಯ ಮೇಲೆ ಅಂಗಾತ ಮಲಗಿ ಒಳಗೆ ಜಾರಿದನೆಂದರೆ ಹೊರಗೆ ಕಾಣುವುದು ಎರಡು ಹಿಮ್ಮಡಿ ಮಾತ್ರ. ಬೈಗುಳ ಇಡೀ ಅಂಗಳಕ್ಕೆ ಕೇಳುತ್ತಿತ್ತು. ಗೇರ್‌ಬಾಕ್ಸುಗಳನ್ನು ಎತ್ತಿ ಎತ್ತಿ ಕೊನೆಗೆ ತೊಡೆಸಂದಿಯಲ್ಲಿ ಹರ್ನಿಯಾ ಉಬ್ಬಿ ನಿಂತಿತು. ಆಸ್ಪತ್ರೆಯವರು ಕೊಯ್ಯಲೇಬೇಕು ಎಂದರು.

ಆಪರೇಷನ್ ಮೇಜಿನ ಮೇಲೆ ಕೂರಿಸಿ, ಅರಿವಳಿಕೆ ಕೊಡುವ ಡಾಕ್ಟರ್ ಬೆನ್ನ ಹಿಂದೆ ನಿಂತ. "ಬಗ್ಗಿ. ಇನ್ನೂ ಬಗ್ಗಿ." ಸೂಜಿ ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು.

"ಡಾಕ್ಟ್ರೇ, ನಟ್ಟು ಸಿಗ್ತಿಲ್ವಾ? ಟಾರ್ಚ್ ಹಿಡೀಲಾ?"

"ಮಾತು ಬೇಡ. ಬಗ್ರೀ."

ಆಮೇಲೆ ಸೊಂಟದ ಕೆಳಗೆ ಬಿಸಿ ಇಳಿಯಿತು. ಕಾಲುಗಳು ಯಾರದೋ ಸೊತ್ತಾದವು. ಕೊಯ್ಯುವಾಗ ನೋವಿರಲಿಲ್ಲ, ಯಾರೋ ಚೀಲದೊಳಗೆ ಕೈಹಾಕಿ ತಡಕಾಡಿದ ಹಾಗಿತ್ತು. ಮುಗಿಯುವ ಹೊತ್ತಿಗೆ ಹಲ್ಲು ಕಟಕಟ ನಡುಗತೊಡಗಿತು. ಸಂಜೆ ಮೂತ್ರ ಕಟ್ಟಿಕೊಂಡು ನಳಿಕೆ ಹಾಕಿಸಿಕೊಳ್ಳಬೇಕಾಯಿತು. ಮರುದಿನ ಮನೆಗೆ ಅಟ್ಟಿದರು. ಮುಂದೆ ಹೀಗಾಗಬಹುದು, ಹಾಗೇನಾದರೂ ಆದರೆ ತಿರುಗಿ ಬಾ ಎಂದು ಒಂದು ನರಪಿಳ್ಳೆಯೂ ಹೇಳಲಿಲ್ಲ.

ಮನೆಯಲ್ಲಿ ಊಟಕ್ಕೆಂದು ಎದ್ದು ಕೂತವನ ಹೆಡಕನ್ನು ಪೈಪ್ ಪಾನಾ ಹಾಕಿ ತಿರುಚಿದಂತಾಯಿತು. ಕಿವಿ ಗುಂಯ್ ಎಂದಿತು, ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚಿತು, ತಿಂದದ್ದು ತಟ್ಟೆಗೇ ವಾಪಸ್ಸಾಯಿತು. ಮಲಗಿದ. ಸ್ವಿಚ್ ಆರಿಸಿದಂತೆ ನೋವು ಮಾಯ. ಎದ್ದ. ಮತ್ತೆ ಹಾಜರ್.

"ಮಲಗಿದ್ರೆ ಆರಾಮ, ಎದ್ರೆ ತಲೆನೋವು," ಎಂದಳು ಹೆಂಡತಿ, ನೆಲ ಒರೆಸುತ್ತ. "ಇಂಥ ಕಾಯಿಲೆ ಎಲ್ಲಿ ಸಿಗುತ್ತೆ ಹೇಳ್ರೀ, ನಂಗೂ ಒಂದು ಕೊಡ್ಸಿ."

ಹಾಗೆಂದವಳೇ ಆಸ್ಪತ್ರೆಗೆ ಫೋನ್ ಮಾಡಿದಳು. "ಗ್ಯಾಸ್ ಇರ್ಬೇಕು, ನೀರು ಕುಡಿಸಿ" ಎಂದು ಯಾವಳೋ ಫೋನ್ ಕುಕ್ಕಿದಳು.

ಗ್ಯಾರೇಜಿನ ಯಜಮಾನ ನೋಡಲು ಬಂದಾಗ ಅಡಿಯಣ್ಣ ಮಲಗಿಕೊಂಡು ಹಲ್ಲುಕಿರಿಯುತ್ತಿದ್ದ. ಅದೇ ತಪ್ಪಾಯಿತು.

"ಲಕ್ಷಣವಾಗಿದೀಯಲ್ಲೋ! ಸೋಮವಾರ ಬಾ. ಭಾರ ಎತ್ಬೇಡ, ಕೈಕೆಲಸ ಸಾಕು. ಬರ್ಲಿಲ್ಲ ಅಂದ್ರೆ ನಿನ್ನ ಹಲಗೆ ಮೇಲೆ ಬೇರೆಯವನು ಮಲಗ್ತಾನೆ."

ಆ ಹಲಗೆ ಹೋದರೆ ಈ ವಯಸ್ಸಿನಲ್ಲಿ ಯಾವ ಗ್ಯಾರೇಜು ಕರೆದೀತು? ಅಡಿಯಣ್ಣ ಸೂರು ನೋಡುತ್ತ ಲೆಕ್ಕ ಹಾಕಿದ. ಮಲಗಿದರೆ ನೋವಿಲ್ಲ. ತನ್ನ ಕೆಲಸವೇ ಮಲಗಿ ಮಾಡುವುದು. ಇನ್ನೇನು ಬೇಕು? ಹೆಂಡತಿ ಬಾಯಿಗೆ ಬಂದಂತೆ ಬೈಯುತ್ತಿದ್ದರೂ ಸೋಮವಾರ ಆಟೋದ ಹಿಂದಿನ ಸೀಟಿನಲ್ಲಿ ಮುದುಡಿ ಬಿದ್ದುಕೊಂಡು ಹೋದ.

ಲಾರಿಯ ಅಡಿ ಸ್ವರ್ಗವಾಗಿತ್ತು. ಬ್ರೇಕುಗಳನ್ನೆಲ್ಲ ಬಿಚ್ಚಿ, ಒರೆಸಿ, ಬಿಗಿದ. ಮರೆತೇಹೋಗಿದ್ದು ಒಂದೇ: ಆ ಗ್ಯಾರೇಜಿನಲ್ಲಿ ಬ್ರೇಕ್ ಬಿಗಿದವನೇ ಡ್ರೈವರ್ ಪಕ್ಕ ಕೂತು ಮೊದಲ ಓಟಕ್ಕೆ ಹೋಗಬೇಕು. ಅವನು ಕೂರದ ಲಾರಿಯನ್ನು ಯಾವ ಡ್ರೈವರೂ ಗೇಟು ದಾಟಿಸುತ್ತಿರಲಿಲ್ಲ.

ಹಲಗೆ ಜಾರಿಸಿ ಹೊರಬಂದು ಎದ್ದು ನಿಂತ. ಮತ್ತೆ ಅದೇ ನೋವಿನ ಪಾನಾ ಹೆಡಕಿಗೆ ಬಿತ್ತು. ಲಾರಿಯ ಮೆಟ್ಟಿಲ ಮೇಲೆ ಕಾಲಿಟ್ಟವನು ಅಲ್ಲೇ ವಾಂತಿ ಮಾಡಿ ನೆಲಕ್ಕೆ ಕುಸಿದು ಅಂಗಾತ ಮಲಗಿದ.

"ಬೆಳಗ್ಗಿಂದ ಗುಂಡುಕಲ್ಲಿನ ಹಾಗಿದ್ದೆ," ಯಜಮಾನ ಗುಡುಗಿದ. "ಕೂರೋ ಹೊತ್ತಿಗೆ ನಾಟಕ! ಬ್ರೇಕಲ್ಲಿ ಏನೋ ಎಡವಟ್ಟು ಮಾಡಿದೀಯ, ಅದಕ್ಕೇ ಭಯ."

ಕಾಯಿಲೆ ಸುಳ್ಳು ಎಂದಿದ್ದನ್ನು ಅಡಿಯಣ್ಣ ನುಂಗಿಕೊಂಡಿದ್ದ. ಕೆಲಸ ಸುಳ್ಳು ಎಂದಿದ್ದು ಗಂಟಲಲ್ಲಿ ಇಳಿಯಲಿಲ್ಲ. ಮಲಗಿದಲ್ಲಿಂದಲೇ ಅಂಡು ಎಳೆಯುತ್ತ ಲಾರಿಯ ಮುಂದಕ್ಕೆ ಸರಿದ. ಹೊಲಿಗೆ ಚುರ್ರೆಂದಿತು. ಸರಿಯುತ್ತಲೇ ಗೇಟಿನ ಹತ್ತಿರ ದಾರಿಗೆ ಅಡ್ಡಲಾಗಿ ಮೈಚಾಚಿದ.

"ಡ್ರೈವರ್! ಬಿಡು ಲಾರಿ. ನನ್ನ ಹತ್ರ ಬಂದು ಬ್ರೇಕ್ ಒತ್ತು."

"ಅಣ್ಣಾ, ತಲೆ ಕೆಟ್ಟಿದ್ಯಾ?"

"ಕೆಟ್ಟಿರೋದಕ್ಕೇ ಮಲಗಿರೋದು. ಕೂತು ತೋರ್ಸೋಕೆ ಆಗಲ್ಲ, ಮಲಗಿ ತೋರಿಸ್ತೀನಿ. ಬಿಡೋ!"

ಯಜಮಾನ ಬೇಡ ಬೇಡ ಎಂದು ಕೂಗುವಷ್ಟರಲ್ಲಿ ಲಾರಿ ಗುಟುರು ಹಾಕಿ ಹೊರಟಿತ್ತು. ಅಡಿಯಣ್ಣ ಕಣ್ಣು ಮುಚ್ಚಲಿಲ್ಲ. ಬುಸ್ಸೆಂದು ಗಾಳಿ ಬಿಟ್ಟು ಲಾರಿ ನಿಂತಾಗ ಬಂಪರಿನ ನೆರಳು ಅವನ ಎದೆಯ ಮೇಲಿತ್ತು.

ಡ್ರೈವರ್ ಇಳಿದ. ಯಜಮಾನನ ಕಡೆ ತಿರುಗಿ, "ಸೀಟಲ್ಲಿ ಕೂರೋದಕ್ಕಿಂತ ಚಕ್ರದ ಮುಂದೆ ಮಲಗೋದು ಸಲೀಸು ಅನ್ನೋನಿಗೆ ನಾಟಕ ಅಂತೀರಲ್ಲ, ಬಾಯಲ್ಲಿ ಹುಳ ಬೀಳುತ್ತೆ ನಿಮಗೆ," ಎಂದ.

ಯಜಮಾನ ತಾನೇ ಹೋಗಿ ಆ ಚಕ್ರದ ಹಲಗೆ ಎಳೆದು ತಂದ. ಅದರ ಮೇಲೆಯೇ ಅಡಿಯಣ್ಣನನ್ನು ಎತ್ತಿ ಲಾರಿಯ ಹಿಂಬದಿಯೊಳಗೆ ಮಲಗಿಸಿ ಆಸ್ಪತ್ರೆಗೆ ಒಯ್ದರು.

ಆಸ್ಪತ್ರೆಯ ಬಾಗಿಲಲ್ಲಿ ಗಲಾಟೆ ಕೇಳಿ ಅರಿವಳಿಕೆ ಡಾಕ್ಟರ್ ಬಂದ. ಗುರುತು ಹತ್ತಿತು. ಕೂತರೆ ನೋವು, ಮಲಗಿದರೆ ಇಲ್ಲ ಎಂದು ಡ್ರೈವರ್ ಹೇಳುತ್ತಿದ್ದಂತೆ ಡಾಕ್ಟರ ಮುಖ ಇಳಿಯಿತು. ಸೂಜಿ ಚುಚ್ಚಿದ ತೂತಿನಿಂದ ಬೆನ್ನಹುರಿಯ ನೀರು ಸೋರುತ್ತಿದೆ, ಕೈಯ ರಕ್ತವನ್ನೇ ತೆಗೆದು ಅಲ್ಲಿಗೆ ತುಂಬಿದರೆ ಮುಚ್ಚಿಕೊಳ್ಳುತ್ತದೆ ಎಂದು ಗೊಣಗಿದ.

"ಸೋರುತ್ತೆ ಅಂತ ಗೊತ್ತಿದ್ದೂ ಫೋನಲ್ಲಿ ನಿಮ್ಮೋರು ಗ್ಯಾಸ್ ಅಂದ್ರಾ? ನಾನು ಹಂಗೆ ಲಾರಿ ಕಳಿಸಿದ್ರೆ ಜೈಲಲ್ಲಿ ಇರ್ತಿದ್ದೆ," ಎಂದ ಅಡಿಯಣ್ಣ, ಹಲಗೆಯ ಮೇಲಿಂದಲೇ.

"ನೋಡಿ, ಸ್ವಲ್ಪ ಎದ್ದು ಕೂತು ಸಮಾಧಾನವಾಗಿ ಮಾತಾಡಿ..."

"ಏಳಲ್ಲ," ಎಂದ ಅಡಿಯಣ್ಣ. "ಆವತ್ತು ನೀವು ಹೇಳಿದಷ್ಟೂ ಸಲ ನಾನು ಬಗ್ಗಿದೀನಿ. ಇವತ್ತು ನೀವು ಬಗ್ಗಿ ಕೇಳಿ."

ಡಾಕ್ಟರ್ ಸುತ್ತ ನೋಡಿದ. ಯಜಮಾನ, ಡ್ರೈವರ್, ಬಾಗಿಲ ಕಾವಲುಗಾರ, ಯಾರೂ ಅಲುಗಲಿಲ್ಲ. ಅವನು ಹಲಗೆಯ ಪಕ್ಕ ಬಗ್ಗಿದ.

"ಇನ್ನೂ ಬಗ್ಗಿ," ಎಂದ ಅಡಿಯಣ್ಣ.